ಯಾವ ಅಲಿಯಾಸ್‌ಗೆ ಜೀವ ಇದೆ?

"ಸತ್ತ ಅಲಿಯಾಸ್‌ಗಳನ್ನೆಲ್ಲ ಇವತ್ತೇ ತೆಗೆದುಬಿಡಿ, ಸ್ಪ್ಯಾಮ್ ಜಾಸ್ತಿ ಆಗಿದೆ" ಎಂದರು ನಮ್ಮ ಬೆಳೆಗಾರರ ಸಂಘದ ಕಾರ್ಯದರ್ಶಿಗಳು. ಅಲಿಯಾಸ್ ಎಂದರೆ ತನ್ನದೇ ಡಬ್ಬಿ ಇಲ್ಲದ, ಬಂದ ಮೇಲನ್ನು ಬೇರೆಯವರ ಡಬ್ಬಿಗೆ ದಾಟಿಸುವ ಇಮೇಲ್ ವಿಳಾಸ. ಜುಲೈ ತಿಂಗಳು. ವಿರಾಜಪೇಟೆಯಲ್ಲಿ ಮಳೆ ಹಿಡಿದು ಕೂತಿತ್ತು, ಹೊರಗೆ ಹೋಗೋ ಕೆಲಸ ಯಾರಿಗೂ ಇರಲಿಲ್ಲ.

ಸಂಘದ ಮೇಲ್ ಸರ್ವರ್ ನಡೆಯುವುದು ಪೋಸ್ಟ್‌ಫಿಕ್ಸ್ ಎಂಬ ಸಾಫ್ಟ್‌ವೇರ್‌ನಲ್ಲಿ. ಅಲಿಯಾಸ್‌ಗಳೆಲ್ಲ ಮರಿಯಾಡಿಬಿ ಎಂಬ ಡೇಟಾಬೇಸ್‌ನ ಒಂದು ಟೇಬಲ್‌ನಲ್ಲಿವೆ. ಕಾಫಿ ಮಾರಾಟಕ್ಕೊಂದು, ಕರಿಮೆಣಸಿಗೊಂದು, ಹಾಕಿ ಟೂರ್ನಿಗೂ ಒಂದು. ಕೇಳಿದವರಿಗೆಲ್ಲ ಒಂದು ಸಾಲು ಸೇರಿಸಿ ಕೊಟ್ಟಿದ್ದೇವೆ. ತೆಗೆಸಲು ಬಂದವರು ಯಾರೂ ಇಲ್ಲ. ಯಾವುದು ಸತ್ತಿದೆ ಎಂದು ತಿಳಿಯಬೇಕಾದರೆ ಬಳಕೆಯ ಲೆಕ್ಕ ಬೇಕು.

ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ ಚುರುಕು. "ಅಣ್ಣಾ, ಟೇಬಲ್‌ಗೇ ಒಂದು ಟ್ರಿಗರ್ ಹಾಕಿದ್ರೆ ಆಯ್ತಲ್ವಾ? ಓದಿದಾಗೆಲ್ಲ ಒಂದು ಕೂಡಿಸ್ಲಿ" ಎಂದ. ಟ್ರಿಗರ್ ಎಂದರೆ ಟೇಬಲ್‌ನಲ್ಲಿ ಏನಾದರೂ ನಡೆದಾಗ ತಾನಾಗಿ ಓಡುವ ಪುಟ್ಟ ಪ್ರೋಗ್ರಾಂ. ಇಲ್ಲಿ ಆಗುವುದಿಲ್ಲ. ಸಾಲು ಸೇರಿಸಿದರೆ, ಬದಲಿಸಿದರೆ, ಅಳಿಸಿದರೆ ಮಾತ್ರ ಟ್ರಿಗರ್ ಓಡುತ್ತದೆ. ಸುಮ್ನೆ ಓದಿದರೆ ಇಲ್ಲ. ಹಾಗಾದರೆ ಟೇಬಲ್ ಓದುವ ಕ್ವೆರಿಯೊಳಗೇ ಲೆಕ್ಕ ಬರೆಯುವ ಒಂದು ಫಂಕ್ಷನ್ ಕರೆಯೋಣ ಎಂದ. ಅದು ಅದೇ ಟೇಬಲ್‌ಗೆ ಬರೆಯಹೋದರೆ 1442 ಎಂಬ ಎರರ್ ಬರುತ್ತದೆ. ಬೇರೆ ಟೇಬಲ್‌ಗೆ ಬರೆಸಬಹುದು. ಆದರೂ ನನಗೆ ಆ ದಾರಿ ಬೇಡವಾಗಿತ್ತು.

ಕಾರಣ ಇದು. ಹೊರಗಿನ ಸರ್ವರ್ ಬಂದು ವಿಳಾಸ ಹೇಳಿದ ಕೂಡಲೇ, ಅಂಥದ್ದು ಇದೆಯೋ ಇಲ್ಲವೋ ಎಂದು ಪೋಸ್ಟ್‌ಫಿಕ್ಸ್ ಟೇಬಲ್ ನೋಡುತ್ತದೆ. ಮೇಲ್ ಒಳಗೆ ಬಂದ ಮೇಲೆ, ಯಾರಿಗೆ ಕೊಡಬೇಕೆಂದು ಮತ್ತೆ ನೋಡುತ್ತದೆ. ಸ್ಪ್ಯಾಮ್ ಕಳಿಸುವವನು ಬಾಗಿಲು ತಟ್ಟಿ ಓಡಿಹೋದರೂ ಲೆಕ್ಕ ಏರುತ್ತದೆ. ಹಾಗಾದರೆ ಸ್ಪ್ಯಾಮಿನವರಿಗೆ ಸಿಕ್ಕಿಬಿದ್ದ ಹಳೇ ಅಲಿಯಾಸೇ ಎಲ್ಲಕ್ಕಿಂತ ಚಟುವಟಿಕೆಯದ್ದು ಅನ್ನಿಸಿಕೊಳ್ಳುತ್ತದೆ!

ನಂಬಬೇಕಾದದ್ದು ಲಾಗ್ ಅನ್ನು, ಅಂದರೆ ಪೋಸ್ಟ್‌ಫಿಕ್ಸ್ ಬರೆದಿಡುವ ದಿನಚರಿಯನ್ನು. ಮೇಲ್ ತಲುಪಿದಾಗ ಬರೆಯುವ ಸಾಲಿನಲ್ಲಿ, ತಲುಪಿದ ಡಬ್ಬಿಯ ಜೊತೆಗೆ ಮೊದಲು ಬರೆದಿದ್ದ ವಿಳಾಸವೂ 'ಒರಿಗ್ ಟು' ಎಂದು ಇರುತ್ತದೆ. ಅದೇ ನಮ್ಮ ಅಲಿಯಾಸ್. ಒಂದು ಅಲಿಯಾಸ್ ಮೂವರಿಗೆ ಹೋಗುತ್ತಿದ್ದರೆ ಒಂದೇ ಮೇಲ್‌ಗೆ ಮೂರು ಸಾಲು ಬೀಳುತ್ತವೆ. ಹಾಗಾಗಿ ಸಾಲುಗಳನ್ನಲ್ಲ, ಪ್ರತಿ ಮೇಲ್‌ಗೂ ಪೋಸ್ಟ್‌ಫಿಕ್ಸ್ ಕೊಡುವ ಗುರುತು, ಅಂದರೆ ಕ್ಯೂ ಐಡಿಗಳನ್ನು ಎಣಿಸಬೇಕು. ಪ್ರತಿ ರಾತ್ರಿ ಲಾಗ್ ಓದಿ, ಅಲಿಯಾಸ್ ಕೊನೆಯದಾಗಿ ಬಳಕೆಯಾದ ದಿನವನ್ನು ಬೇರೆ ಟೇಬಲ್‌ಗೆ ಹಾಕುವ ಸಣ್ಣ ಸ್ಕ್ರಿಪ್ಟ್ ಬರೆದೆವು.

ಇದ್ದ ಹಳೇ ಲಾಗ್‌ಗಳನ್ನೂ ಓದಿಸಿದೆವು. ನಮ್ಮ ಡೆಬಿಯನ್ ಮೆಷಿನ್‌ನಲ್ಲಿ ವಾರಕ್ಕೊಮ್ಮೆ ಹೊಸ ಲಾಗ್ ಫೈಲ್ ಶುರುವಾಗಿ, ತೀರಾ ಹಳೆಯದು ಅಳಿದುಹೋಗುತ್ತದೆ. 4 ವಾರದ್ದು ಉಳಿದಿರುತ್ತದೆ, ಅಷ್ಟೇ. ಕಾಫಿ ಮಾರಾಟದ್ದು ಸೊನ್ನೆ. ಹಾಕಿಯದ್ದೂ ಸೊನ್ನೆ. "ನೋಡಿ, ಎರಡೂ ಸತ್ತಿವೆ" ಎಂದರು ಕಾರ್ಯದರ್ಶಿಗಳು.

"ಅಲ್ಲ ಸಾರ್, ಈ ಮಳೆಯಲ್ಲಿ ಯಾರು ಕಾಫಿ ಕೊಯ್ಯುತ್ತಾರೆ? ಹಾಕಿ ಇರೋದು ಏಪ್ರಿಲ್ ಮೇನಲ್ಲಿ" ಎಂದೆ. ಅರೇಬಿಕಾ ಕೊಯ್ಲು ಶುರುವಾಗುವುದೇ ನವೆಂಬರ್ ಹೊತ್ತಿಗೆ. ಅದಾದ ಮೇಲೆ ರೋಬಸ್ಟಾ. ಒಂದು ವರ್ಷದ ಲೆಕ್ಕ ಇಲ್ಲದೆ ಕೊಡಗಿನಲ್ಲಿ ಯಾವ ಅಲಿಯಾಸ್‌ನ ಹಣೆಬರಹವನ್ನೂ ಬರೆಯಬಾರದು.

"ಒಂದು ವರ್ಷವಾ ಮಾರಾಯಾ!" ಎಂದರು. ಅವರ ಸಮಾಧಾನಕ್ಕೆ ಒಂದನ್ನು ಆಗಲೇ ನಿಲ್ಲಿಸಿದೆವು: ಎಂದೋ ನಿಂತುಹೋದ ಕಿತ್ತಳೆ ಮಾರಾಟದ್ದು. ಸಾಲು ಅಳಿಸಲಿಲ್ಲ, 'ಆಕ್ಟಿವ್' ಕಾಲಂನಲ್ಲಿ 0 ಹಾಕಿದೆವು. ಇನ್ನು ಅಲ್ಲಿಗೆ ಬರೆದವರಿಗೆ 550, ಅಂದರೆ ಅಂಥ ವಿಳಾಸ ಇಲ್ಲ ಎಂಬ ಉತ್ತರ ಹೋಗುತ್ತದೆ. ಯಾರಾದರೂ ಫೋನ್ ಮಾಡಿ ಬೈದರೆ ಮತ್ತೆ 1 ಮಾಡಿದರಾಯಿತು.