ಹತ್ತೊಂಬತ್ತು ಹಾಡಿನ ಕ್ಯಾಸೆಟ್ಟು

ನಮ್ಮ ದೊಡ್ಡಪ್ಪನ ಮಗ ಬೆಂಗಳೂರಲ್ಲಿ ಇಂಜಿನಿಯರಿಂಗ್ ಓದ್ತಿದ್ದಾಗ ರಜಕ್ಕೆ ಅಂತ ದಾವಣಗೆರೆಗೆ ಬಂದ್ರೆ ಬ್ಯಾಗಲ್ಲಿ ಬಟ್ಟೆಗಿಂತ ಕ್ಯಾಸೆಟ್ಟೇ ಜಾಸ್ತಿ ಇರ್ತಿದ್ವು, ಅದರಲ್ಲಿ ಒಂದು ನನ್ನ ಹತ್ರಾನೇ ಉಳ್ಕೊಂಡು ಇವತ್ತಿಗೂ ಬೀರುವಿನಲ್ಲಿದೆ. ಅರವತ್ತು ನಿಮಿಷದ ಖಾಲಿ ಕ್ಯಾಸೆಟ್ ಕೊಟ್ಟು ಯಾವುದೋ ರೆಕಾರ್ಡಿಂಗ್ ಅಂಗಡೀಲಿ ತುಂಬಿಸ್ಕೊಂಡು ಬಂದಿದ್ದು ಅದು. ಒಳಗಿನ ಕಾರ್ಡಿನ ಮೇಲೆ ಅಣ್ಣನ ಅಕ್ಷರ, ನೀಲಿ ಇಂಕು, ಮೇಲೆ ದೊಡ್ಡದಾಗಿ ಸಿಸಿಆರ್ ಅಂತ, ಕೆಳಗೆ ಹತ್ತೊಂಬತ್ತು ಹಾಡಿನ ಹೆಸರು. ಸಿಸಿಆರ್ ಅಂದ್ರೆ ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ಅನ್ನೋ ಅಮೆರಿಕದ ರಾಕ್ ಬ್ಯಾಂಡ್ ಅಂತ ನನಗೆ ಗೊತ್ತಾಗೋಕೆ ಎರಡು ವರ್ಷ ಹಿಡೀತು, ಆ ಹಾಡುಗಳೆಲ್ಲ 1976ರಲ್ಲಿ ಬಂದ ಕ್ರಾನಿಕಲ್ ಅನ್ನೋ ಅವರ ಹಿಟ್ ಹಾಡುಗಳ ಒಂದೇ ಆಲ್ಬಮ್ಮಿಂದ ಬಂದಿದ್ದು ಅಂತ ಗೊತ್ತಾಗೋಕೆ ಇನ್ನೂ ಜಾಸ್ತಿ.

ರಾಕ್ ಕೇಳೋ ಜನರಲ್ಲಿ ಒಂದು ಮಾತಿದೆ, ಗ್ರೇಟೆಸ್ಟ್ ಹಿಟ್ಸ್ ಕೇಳೋನು ಅರ್ಧ ಕೇಳುಗ, ನಿಜವಾದ ಕೇಳುಗ ಒಂದೊಂದು ಆಲ್ಬಮ್ಮೂ ಪೂರ್ತಿ ಕೇಳಬೇಕು ಅಂತ. ಪಿಂಕ್ ಫ್ಲಾಯ್ಡ್ ಅನ್ನೋ ಬ್ಯಾಂಡಿನ ವಿಷಯದಲ್ಲಿ ಒಪ್ತೀನಿ, ಅವರ ಹಾಡನ್ನ ಆಲ್ಬಮ್ಮಿಂದ ಕಿತ್ತು ಬೇರೆ ಕಡೆ ಇಟ್ರೆ ಅದು ಗಿಡ ಕಿತ್ತು ಟೇಬಲ್ ಮೇಲೆ ಇಟ್ಟ ಹಾಗೆ. ಸಿಸಿಆರ್ ವಿಷಯದಲ್ಲಿ ಮಾತ್ರ ನಾನು ಒಪ್ಪಲ್ಲ, ಎಷ್ಟೋ ಸಲ ಜಗಳಾನೂ ಆಡಿದೀನಿ. ಯಾಕಂದ್ರೆ ಈ ಬ್ಯಾಂಡ್ ಯೋಚನೆ ಮಾಡ್ತಿದ್ದಿದ್ದೇ ನಿಮಿಷಕ್ಕೆ ನಲವತ್ತೈದು ಸುತ್ತು ತಿರುಗೋ, ಸಿಂಗಲ್ ಅನ್ನೋ ಆ ಸಣ್ಣ ರೆಕಾರ್ಡಿನಲ್ಲಿ, ಈ ಕಡೆ ಒಂದು ಹಾಡು ಆ ಕಡೆ ಒಂದು ಹಾಡು, ಎರಡೂ ರೇಡಿಯೋದಲ್ಲಿ ಓಡಬೇಕು. ಡೌನ್ ಆನ್ ದ ಕಾರ್ನರ್ ಒಂದು ಬದಿಗೆ, ಅದನ್ನ ತಿರುವಿ ಹಾಕಿದ್ರೆ ಫಾರ್ಚುನೇಟ್ ಸನ್. ಟ್ರಾವೆಲಿನ್ ಬ್ಯಾಂಡ್ ಒಂದು ಬದಿಗೆ, ತಿರುವಿದ್ರೆ ಹೂ ವಿಲ್ ಸ್ಟಾಪ್ ದ ರೇನ್. ಬೇರೆಯವರು ಹಿಂದಿನ ಬದಿಗೆ ಉಳಿದಿದ್ದು ಬಳಿದಿದ್ದು ತುಂಬ್ತಿದ್ದ ಕಾಲದಲ್ಲಿ ಇವರು ಅಲ್ಲೂ ಇಂಥ ಹಾಡು ಇಡ್ತಿದ್ರು. ಹಾಗಾಗಿ ಆ ಸಿಂಗಲ್ಲುಗಳನ್ನ ಬಂದ ಕ್ರಮದಲ್ಲೇ ಪೋಣಿಸಿದ ಕ್ರಾನಿಕಲ್ಲೇ ಇವರ ಅಸಲಿ ಆಲ್ಬಮ್ ಅಂತ ನನ್ನ ವಾದ.

ಕ್ರಮದಲ್ಲೇ ಅನ್ನೋದು ಮುಖ್ಯ. 1968ರ ಸೂಜಿ ಕ್ಯೂನಿಂದ ಶುರುವಾಗಿ 1972ರ ಸಮ್‌ಡೇ ನೆವರ್ ಕಮ್ಸ್‌ಗೆ ಮುಗಿಯುತ್ತೆ, ಒಂದು ಗಂಟೆ ಎಂಟು ನಿಮಿಷ ಆಸುಪಾಸು. ಅಷ್ಟರಲ್ಲಿ ಒಂದು ಬ್ಯಾಂಡು ಹುಟ್ಟಿ, ಎದ್ದು, ಒಡೆದು ಹೋಗೋದು ಕಿವಿಗೇ ಗೊತ್ತಾಗುತ್ತೆ. ಮೊದಲ ಎರಡು ಹಾಡು ಇವರು ಬರೆದಿದ್ದಲ್ಲ, ಹಳೇ ಹಾಡುಗಳನ್ನ ತಮ್ಮ ಥರ ಎಳೆದು ಬಾರಿಸಿದ್ದು. ಮೂರನೇದು ಪ್ರೌಡ್ ಮೇರಿ, ಅಲ್ಲಿಗೆ ಬ್ಯಾಂಡಿನ ಗಾಯಕ ಜಾನ್ ಫೋಗರ್ಟಿ ಅನ್ನೋ ಬರಹಗಾರ ಎದ್ದು ನಿಂತ. ಆ ಹಾಡಿನ ಶುರುವಿನಲ್ಲಿ ಗಿಟಾರು ಮೆಟ್ಟಿಲು ಇಳಿದು ಬಂದ ಹಾಗೆ ಬರುತ್ತಲ್ಲ, ಅದಕ್ಕೆ ತಲೇಲಿದ್ದಿದ್ದು ಬೀಥೋವನ್ನನ ಐದನೇ ಸಿಂಫನಿ ಅಂತ ಅವರೇ ಹೇಳ್ಕೊಂಡಿದಾರೆ. ಸೈನ್ಯದ ರಿಸರ್ವ್ ಡ್ಯೂಟಿಯಿಂದ ಬಿಡುಗಡೆ ಕಾಗದ ಕೈಗೆ ಬಂದ ಖುಷೀಲಿ ಬರೆಯೋಕೆ ಕೂತಿದ್ದಂತೆ.

1969 ಒಂದೇ ವರ್ಷದಲ್ಲಿ ಮೂರು ಆಲ್ಬಮ್. ಮೂರು! ಈಗಿನವರು ಮೂರು ವರ್ಷಕ್ಕೊಂದು ತಂದ್ರೆ ಹಬ್ಬ. ಇವರು ದಿನಾ ಕೆಲಸಕ್ಕೆ ಹೋಗೋ ಥರ ಪ್ರಾಕ್ಟೀಸಿಗೆ ಹೋಗ್ತಿದ್ರು, ಆ ಜಾಗಕ್ಕೆ ಫ್ಯಾಕ್ಟರಿ ಅಂತಾನೇ ಹೆಸರು, ಡ್ರಮ್ಸ್ ಬಾರಿಸೋ ಡಗ್ ಕ್ಲಿಫರ್ಡ್‌ನ ಅಡ್ಡಹೆಸರು ಕಾಸ್ಮೋ, ಹಾಗಾಗಿ 1970ರ ಆಲ್ಬಮ್ಮಿಗೆ ಕಾಸ್ಮೋಸ್ ಫ್ಯಾಕ್ಟರಿ ಅಂತ ಹೆಸರಿಟ್ರು. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ಎಲ್ಲ ಬ್ಯಾಂಡೂ ಹೊಗೆ, ಎಲ್‌ಎಸ್‌ಡಿ, ಅರ್ಧ ಗಂಟೆ ಉದ್ದದ ಗಿಟಾರ್ ಅಂತ ತೇಲಾಡ್ತಿದ್ದಾಗ ಅದೇ ಕೊಲ್ಲಿಯ ಪೂರ್ವ ದಡದ ಎಲ್ ಸೆರಿಟೋ ಊರಿನ ಈ ನಾಲ್ಕು ಜನ ಚೆಕ್ಸ್ ಶರ್ಟ್ ಹಾಕ್ಕೊಂಡು ಎರಡೂವರೆ ನಿಮಿಷದ ಹಾಡು ಕಡೀತಿದ್ರು. ಬ್ಯಾಡ್ ಮೂನ್ ರೈಸಿಂಗ್ ಎರಡು ನಿಮಿಷ ಇಪ್ಪತ್ತು ಸೆಕೆಂಡು ಅಷ್ಟೇ. ಅಷ್ಟರಲ್ಲಿ ಪ್ರವಾಹ, ಭೂಕಂಪ, ಪ್ರಳಯ ಎಲ್ಲಾ ಬಂದು ಹೋಗುತ್ತೆ, ರಾಗ ಮಾತ್ರ ಜಾತ್ರೆಗೆ ಹೊರಟವರ ಥರ ಉಲ್ಲಾಸ. ಸಾಹಿತ್ಯ ಅಳ್ತಾ ಇದೆ, ತಾಳ ಕುಣೀತಾ ಇದೆ, ಈ ಬ್ಯಾಂಡಿನ ಗುಟ್ಟೆಲ್ಲ ಅದರಲ್ಲೇ ಇದೆ ಅನ್ಸುತ್ತೆ ನನಗೆ.

ಒಂದು ವಿಚಿತ್ರ ಅಂದ್ರೆ ಇಷ್ಟೆಲ್ಲ ಹಾಡು ಕೊಟ್ಟ ಇವರದ್ದು ಒಂದೂ ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಅನ್ನೋ ಜನಪ್ರಿಯ ಹಾಡುಗಳ ಪಟ್ಟೀಲಿ ನಂಬರ್ ಒನ್ ಆಗಿಲ್ಲ. ಐದು ಸಿಂಗಲ್ಲು ಎರಡನೇ ಸ್ಥಾನದವರೆಗೆ ಹೋಗಿ ನಿಂತ್ವು, ಪ್ರೌಡ್ ಮೇರಿ, ಬ್ಯಾಡ್ ಮೂನ್ ರೈಸಿಂಗ್, ಗ್ರೀನ್ ರಿವರ್ ಎಲ್ಲಾ ಅದರಲ್ಲೇ. ಆವತ್ತು ಮೇಲೆ ಕೂತಿದ್ದ ಹಾಡುಗಳಲ್ಲಿ ಕೆಲವನ್ನ ಈಗ ಕೇಳೋರೇ ಇಲ್ಲ, ಈ ಕ್ರಾನಿಕಲ್ ಮಾತ್ರ ಐನೂರು ವಾರ ದಾಟಿ ಎಷ್ಟೋ ಆದ ಮೇಲೂ ಬಿಲ್‌ಬೋರ್ಡ್ 200 ಅನ್ನೋ ಆಲ್ಬಮ್ಮುಗಳ ಪಟ್ಟೀಲಿ ಓಡಾಡ್ಕೊಂಡಿದೆ, ಕೋಟಿಗೂ ಮೀರಿ ಮಾರಾಟದ ಡೈಮಂಡ್ ಸರ್ಟಿಫಿಕೇಟೂ ಸಿಕ್ಕಿದೆ. ಅದೇ 1976ರಲ್ಲೇ ಬಂದ ಈಗಲ್ಸ್‌ ಅನ್ನೋ ಬ್ಯಾಂಡಿನವರ ಗ್ರೇಟೆಸ್ಟ್ ಹಿಟ್ಸ್ ಇದಕ್ಕಿಂತ ಎಷ್ಟೋ ಪಟ್ಟು ಮಾರಾಟ ಆಗಿದೆ ಬಿಡಿ, ನಮ್ಮಲ್ಲಿ ಎಷ್ಟೋ ಜನ ಅದನ್ನ ತಗೊಂಡು ಹೋಟೆಲ್ ಕ್ಯಾಲಿಫೋರ್ನಿಯಾ ಎಲ್ಲಿ ಅಂತ ಹುಡುಕಿದ್ದೂ ಉಂಟು, ಆ ಹಾಡು ಬಂದಿದ್ದು ಆಮೇಲೆ.

ಸಿಸಿಆರ್ ಹಾಡುಗಳನ್ನ ಜನ ತಪ್ಪಾಗಿ ಅರ್ಥ ಮಾಡ್ಕೊಳ್ಳೋದೂ ಅವು ಇಷ್ಟು ದಿನ ಬದುಕಿರೋದಕ್ಕೆ ಒಂದು ಕಾರಣ ಇರಬಹುದು. ರನ್ ಥ್ರೂ ದ ಜಂಗಲ್ ಅಂದ್ರೆ ವಿಯೆಟ್ನಾಂ ಕಾಡು ಅಂತಾನೇ ಎಲ್ಲರೂ ಅಂದ್ಕೊಂಡಿದ್ರು, ಫೋಗರ್ಟಿ ಬರೆದಿದ್ದು ಅಮೆರಿಕದ ಮನೆಮನೇಲಿರೋ ಬಂದೂಕಿನ ಬಗ್ಗೆ. ಫಾರ್ಚುನೇಟ್ ಸನ್ ಕೇಳಿದ್ರೆ ಬಾವುಟ ಹಿಡ್ಕೊಂಡು ಓಡೋಣ ಅನ್ಸುತ್ತೆ, ಒಳಗಿರೋದು ಮಾತ್ರ ಪೂರ್ತಿ ಸಿಟ್ಟು. ಅಧ್ಯಕ್ಷ ಆಗಿದ್ದ ಐಸೆನ್‌ಹೋವರ್ ಮೊಮ್ಮಗನಿಗೂ ನಿಕ್ಸನ್ ಮಗಳಿಗೂ 1968ರ ಕೊನೇಲಿ ಮದುವೆ ಆಯ್ತು, ಇಂಥ ಮನೆ ಮಕ್ಕಳು ಯುದ್ಧಕ್ಕೆ ಹೋಗಲ್ಲ, ಹೋಗೋರು ಬಡವರ ಮಕ್ಕಳು ಅನ್ನೋ ಕುದಿ ಆ ಹಾಡಾಯ್ತು. ಆ ಎರಡು ನಿಮಿಷದಲ್ಲಿ ಫೋಗರ್ಟಿ ಗಂಟಲು ಹರಿದು ಹೋಗುತ್ತೇನೋ ಅನ್ಸುತ್ತೆ, ಎಷ್ಟು ಸಲ ಕೇಳಿದ್ರೂ. ಇದನ್ನ ಸಿನಿಮಾದೋರು ಹೆಲಿಕಾಪ್ಟರ್ ತೋರಿಸಿದಾಗೆಲ್ಲ ಹಾಕಿ ಹಾಕಿ ಸವೆಸಿದ್ರು, ರಾಜಕಾರಣಿಗಳೂ ತಮ್ಮ ಸಭೇಲಿ ಬಳಸ್ಕೊಂಡ್ರು, 2020ರಲ್ಲಿ ಟ್ರಂಪ್ ಸಭೆಗಳಲ್ಲಿ ಹಾಕಿದಾಗ ಫೋಗರ್ಟಿ ನಿಲ್ಲಿಸಿ ಅಂತ ಲೀಗಲ್ ನೋಟಿಸ್ ಕಳಿಸಬೇಕಾಯ್ತು.

ಹ್ಯಾವ್ ಯೂ ಎವರ್ ಸೀನ್ ದ ರೇನ್ ಅಂತೂ ನನಗೆ ಬೇರೇನೇ. ಬಿಸಿಲಿರೋವಾಗ ಸುರಿಯೋ ಮಳೆ ಅದರಲ್ಲಿದೆ. ನಮ್ಮ ಕಡೆ ಬಿಸಿಲು ಮಳೆ ಬಂದ್ರೆ ಕಾಗೆಗೂ ನರಿಗೂ ಮದುವೆ ಅಂತ ಚಿಕ್ಕಮಕ್ಕಳು ಕುಣೀತಾರಲ್ಲ, ನಾನು ಆ ಹಾಡನ್ನ ಎಷ್ಟೋ ವರ್ಷ ಆ ಖುಷೀಲೇ ಕೇಳ್ತಿದ್ದೆ. ಆಮೇಲೆ ಗೊತ್ತಾಯ್ತು, ಫೋಗರ್ಟಿ ಹೇಳ್ತಿರೋ ಬಿಸಿಲು ಅಂದ್ರೆ ದುಡ್ಡು, ಹೆಸರು, ಊರೂರಲ್ಲಿ ಜನ. ಮಳೆ ಅಂದ್ರೆ ಆ ಬಿಸಿಲಲ್ಲೇ ಬ್ಯಾಂಡ್ ಒಡೀತಿದ್ದಿದ್ದು. ಸ್ವಂತ ಅಣ್ಣ ಟಾಮ್ ಫೋಗರ್ಟಿ, ಬ್ಯಾಂಡಲ್ಲಿ ರಿದಮ್ ಗಿಟಾರ್, ಮೊದಲು ಹಾಡ್ತಿದ್ದಿದ್ದೂ ಅವರೇ, ತಮ್ಮ ಎಲ್ಲಾ ತಾನೇ ಮಾಡ್ತಾನೆ ಅಂತ ಬೇಸರ ಆಗಿ ಬಿಟ್ಟು ಹೊರಟಿದ್ರು, 1971ರ ಶುರುವಿನಲ್ಲಿ ಬಿಟ್ಟೂ ಬಿಟ್ರು. ಅಣ್ಣ ಹೋಗ್ತಾನೆ ಅಂತ ತಮ್ಮ ಬರೆದ ಹಾಡಿಗೆ ಅಣ್ಣಾನೇ ಗಿಟಾರ್ ಬಾರಿಸಿದಾನೆ! ಇದು ಗೊತ್ತಾದ ಮೇಲೆ ನಾನು ಆ ಹಾಡಲ್ಲಿ ಹಿಂದೆ ಕೇಳೋ ಆ ಸಾದಾ ಗಿಟಾರನ್ನೇ ಹುಡುಕಿ ಕೇಳ್ತೀನಿ. ಟಾಮ್ 1990ರಲ್ಲಿ ತೀರ್ಕೊಂಡ್ರು, ಇಬ್ಬರ ಮಧ್ಯೆ ಸರಿಯಾಗಿ ರಾಜಿ ಆಗ್ಲೇ ಇಲ್ಲ.

ಆಮೇಲಿಂದೆಲ್ಲ ಕೋರ್ಟು ಕಚೇರಿ. ಶುರೂನಲ್ಲಿ ಫ್ಯಾಂಟಸಿ ರೆಕಾರ್ಡ್ಸ್ ಜೊತೆ ಮಾಡ್ಕೊಂಡ ಕಾಂಟ್ರಾಕ್ಟ್ ಎಂಥದ್ದಿತ್ತು ಅಂದ್ರೆ ಹಾಡಿನ ಹಕ್ಕೆಲ್ಲ ಕಂಪನಿಗೆ, ಅದರಿಂದ ಬಿಡಿಸ್ಕೊಳ್ಳೋಕೆ ಫೋಗರ್ಟಿ ಬರಬೇಕಾಗಿದ್ದ ರಾಯಲ್ಟೀನೂ ಬಿಟ್ಕೊಟ್ರು. 1985ರಲ್ಲಿ ಹೊಸ ಕಂಪನಿಗೆ ಹೊಸ ಹಾಡು ಮಾಡಿದ್ರೆ, ಅದು ನಮ್ಮ ಹತ್ರ ಇರೋ ರನ್ ಥ್ರೂ ದ ಜಂಗಲ್ ಥರಾನೇ ಇದೆ ಅಂತ ಹಳೇ ಕಂಪನಿ ಕೇಸ್ ಹಾಕ್ತು, ಅಂದ್ರೆ ತಾನು ಬರೆದ ಹಾಡನ್ನ ತಾನೇ ಕದ್ದ ಅಂತ! 1988ರಲ್ಲಿ ಅವರು ಸಾಕ್ಷಿ ಕಟಕಟೇಲಿ ಗಿಟಾರ್ ಹಿಡ್ಕೊಂಡು ಕೂತು, ನೋಡಿ ಹಾಡು ಹೀಗೆ ಹುಟ್ಟುತ್ತೆ ಅಂತ ಬಾರಿಸಿ ತೋರಿಸಿ ಗೆದ್ರು. ವಕೀಲರ ಖರ್ಚಿನ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 1994ರಲ್ಲಿ ಅಲ್ಲೂ ಅವರ ಕಡೇನೇ ಆಯ್ತು.

ನನ್ನ ಮನಸ್ಸಿಗೆ ತುಂಬಾ ತಟ್ಟೋದು ಏನಂದ್ರೆ, ಕ್ರಾನಿಕಲ್ ಊರೆಲ್ಲ ಓಡ್ತಿದ್ದಾಗ ಅದನ್ನ ಬರೆದ ಮನುಷ್ಯ ಆ ಹಾಡುಗಳನ್ನ ಸ್ಟೇಜ್ ಮೇಲೆ ಬಾಯಿಗೇ ತರ್ತಿರಲಿಲ್ಲ. ವರ್ಷಾನುಗಟ್ಟಲೆ. ಹಾಡಿದ್ರೆ ಆ ಕಂಪನಿಗೆ ಲಾಭ ಅನ್ನೋ ನೋವು. 1987ರಲ್ಲಿ ಒಂದು ಕ್ಲಬ್ಬಲ್ಲಿ ಬಾಬ್ ಡಿಲನ್, ಜಾರ್ಜ್ ಹ್ಯಾರಿಸನ್ ಜೊತೆ ಸ್ಟೇಜ್ ಹತ್ತಿದಾಗ ಡಿಲನ್ ಹೇಳಿದ್ರಂತೆ, ನೀನು ಪ್ರೌಡ್ ಮೇರಿ ಹಾಡದೇ ಇದ್ರೆ ಜನ ಅದು ಟೀನಾ ಟರ್ನರ್ ಹಾಡು ಅಂತಾನೇ ಅಂದ್ಕೊಳ್ತಾರೆ ಅಂತ. ಅವತ್ತು ಹಾಡಿದ್ರು. ಅದೇ ವರ್ಷ ಜುಲೈ 4ಕ್ಕೆ ವಾಷಿಂಗ್ಟನ್ ಹತ್ರ ವಿಯೆಟ್ನಾಂ ಯುದ್ಧದಿಂದ ಬಂದ ಸೈನಿಕರ ಎದುರು ಹಳೇ ಹಾಡುಗಳನ್ನ ಒಂದರ ಹಿಂದೆ ಒಂದು ಹಾಡಿದ್ರು. ಹಾಗಂತ ಎಲ್ಲಾ ಸರಿಹೋಯ್ತು ಅಂತಲ್ಲ, 1993ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಬ್ಯಾಂಡನ್ನ ಸೇರಿಸ್ಕೊಂಡಾಗ ಫೋಗರ್ಟಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಜೊತೆ ಹಾಡಿದ್ರು, ಬೇಸ್ ಗಿಟಾರಿನ ಸ್ಟೂ ಕುಕ್‌ಗೂ ಡ್ರಮ್ಸಿನ ಡಗ್ ಕ್ಲಿಫರ್ಡ್‌ಗೂ ಜೊತೆಗೆ ಬಾರಿಸೋ ಅವಕಾಶ ಸಿಗಲಿಲ್ಲ. ನನಗೆ ಈ ವಿಷಯದಲ್ಲಿ ಫೋಗರ್ಟಿ ಮೇಲೆ ಬೇಜಾರಿದೆ, ಅಷ್ಟು ದೊಡ್ಡ ಬರಹಗಾರ ಅಷ್ಟು ಚಿಕ್ಕ ಮನಸ್ಸು ಮಾಡಬಾರದಿತ್ತು. ಆ ಡ್ರಮ್ಸೂ ಬೇಸೂ ಇಲ್ಲದಿದ್ರೆ ಗ್ರೀನ್ ರಿವರ್ ಹರೀತಾನೇ ಇರಲಿಲ್ಲ, ಕೇಳಿ ನೋಡಿ. ಕೊನೆಗೆ 2023ರಲ್ಲಿ ಆ ಹಾಡುಗಳ ಹಕ್ಕಿನ ಬಹುಪಾಲು ಫೋಗರ್ಟಿ ಕೈಗೆ ವಾಪಸ್ ಬಂತು, ಅವರಿಗಾಗ ಎಪ್ಪತ್ತೇಳು. ಆ ಸುದ್ದಿ ಓದಿದ ದಿನ ನಾನು ಆಫೀಸಿಂದ ಬರ್ತಾ ಪೂರ್ತಿ ಆಲ್ಬಮ್ ಕೇಳಿದೆ, ಮನೆ ಬಂದ್ರೂ ಕಾರಿಂದ ಇಳೀಲಿಲ್ಲ.

ಕ್ರಾನಿಕಲ್ ಬಗ್ಗೆ ಒಂದು ತಕರಾರಿದೆ. ಬಾರ್ನ್ ಆನ್ ದ ಬಯೂ ಅದರಲ್ಲಿಲ್ಲ. ಪ್ರೌಡ್ ಮೇರಿ ರೆಕಾರ್ಡಿನ ಹಿಂದಿನ ಬದಿಯ ಹಾಡು ಅದು, ಬೇರೆ ಎಷ್ಟೋ ಹಿಂದಿನ ಬದಿ ಹಾಡುಗಳನ್ನ ಸೇರಿಸಿ ಅದನ್ನ ಹೇಗೆ ಬಿಟ್ರೋ, 1986ರ ಎರಡನೇ ಭಾಗಕ್ಕೆ ಹಾಕಿದ್ರು.

ಇನ್ನು ಆಲ್ಬಮ್ಮಲ್ಲಿದ್ದು ನನ್ನ ಕ್ಯಾಸೆಟ್ಟಲ್ಲಿ ಇಲ್ಲದ ಇಪ್ಪತ್ತನೇ ಹಾಡಿನ ಕಥೆ. ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ ಕ್ರಾನಿಕಲ್ ಸಿಡಿ ತಗೊಂಡು ಹಾಕಿದೆ. ಲಾಂಗ್ ಆಸ್ ಐ ಕ್ಯಾನ್ ಸೀ ದ ಲೈಟ್ ಮುಗೀತು, ನನ್ನ ಕಿವಿ ಆಗಲೇ ಮುಂದಿನ ಹಾಡಿನ ಪಿಯಾನೋಗೆ ಕಾಯ್ತಿತ್ತು, ಬಿಸಿಲು ಮಳೆಗೆ. ಬಂದಿದ್ದು ಬೇರೆ ಏನೋ. ಕತ್ತಲಲ್ಲಿ ಯಾರೋ ನಡ್ಕೊಂಡು ಬಂದ ಹಾಗೆ ಒಂದು ಗಿಟಾರು, ಐ ಹರ್ಡ್ ಇಟ್ ಥ್ರೂ ದ ಗ್ರೇಪ್‌ವೈನ್, ಮಾರ್ವಿನ್ ಗೇ ಹಾಡಿ ಹೆಸರು ಮಾಡಿದ್ದು, ಇವರದ್ದು ಹನ್ನೊಂದು ನಿಮಿಷ. ಹತ್ತು ವರ್ಷ ದಿನಾ ಕೇಳಿದ ಆಲ್ಬಮ್ಮಲ್ಲಿ ನನಗೆ ಗೊತ್ತೇ ಇಲ್ಲದ ಒಂದು ರೂಮು ಇತ್ತು. ತಕ್ಷಣ ಅಣ್ಣನಿಗೆ ಫೋನ್ ಮಾಡಿದೆ.

"ಗೊತ್ತು ಕಣೋ," ಅಂದ. "ನಾನೇ ಬಿಡಿಸಿದ್ದು. ಅರವತ್ತರ ಕ್ಯಾಸೆಟ್ಟಲ್ವಾ, ಅದೊಂದನ್ನ ಹಾಕಿದ್ರೆ ಕೊನೇ ಹಾಡುಗಳು ಹೋಗ್ತಿದ್ವು. ತೊಂಬತ್ತರ ಕ್ಯಾಸೆಟ್ಟಿಗೆ ದುಡ್ಡಿರಲಿಲ್ಲ. ಅಂಗಡಿಯೋನು ಕೇಳ್ದ, ಒಂದು ದೊಡ್ಡದು ಬೇಕಾ, ಮೂರು ಸಣ್ಣದು ಬೇಕಾ ಅಂತ."

ನಾನು ಆಮೇಲೆ ಕೂತು ಲೆಕ್ಕ ಹಾಕಿ ನೋಡಿದೆ, ಅವನು ಹೇಳಿದ್ದು ಸರಿ. ಹನ್ನೊಂದು ನಿಮಿಷ ತೆಗೆದ್ರೆ ಉಳಿದಿದ್ದು ಐವತ್ತೇಳು, ಅರವತ್ತರಲ್ಲಿ ಕೂರುತ್ತೆ. ಹಾಕಿದ್ದಿದ್ರೆ ಹೇ ಟುನೈಟ್ ಅರ್ಧಕ್ಕೆ ಕಟ್ಟಾಗಿ, ಸ್ವೀಟ್ ಹಿಚ್‌ಹೈಕರ್ ಹೋಗಿ, ಸಮ್‌ಡೇ ನೆವರ್ ಕಮ್ಸ್ ಇರ್ತಾನೇ ಇರಲಿಲ್ಲ. ಅಪ್ಪ ಮನೆ ಬಿಟ್ಟು ಹೋದದ್ದನ್ನ ಮಗ ಹಾಡೋ ಹಾಡು ಅದು, ದೊಡ್ಡೋನಾದ ಮೇಲೆ ಅರ್ಥ ಆಗುತ್ತೆ ಅಂತ ಹೇಳಿ ಹೋಗಿರ್ತಾನೆ ಅಪ್ಪ. ನಮ್ಮ ದೊಡ್ಡಪ್ಪ ತೀರ್ಕೊಂಡಾಗ ಅಣ್ಣನಿಗೆ ಹದಿನೇಳು.

ಹೋದ ತಿಂಗಳು ಅಣ್ಣನ ಜೊತೆ ಬೆಂಗಳೂರಿಂದ ಊರಿಗೆ ಕಾರಲ್ಲಿ ಹೋಗ್ತಿದ್ದೆ, ತುಮಕೂರು ದಾಟಿದ ಮೇಲೆ ಅವನೇ ಫೋನ್ ಕನೆಕ್ಟ್ ಮಾಡಿ ಕ್ರಾನಿಕಲ್ ಹಾಕಿದ. ಮಾತಿಲ್ಲದೆ ಕೇಳ್ಕೊಂಡು ಹೋಗ್ತಿದ್ವಿ. ಲಾಂಗ್ ಆಸ್ ಐ ಕ್ಯಾನ್ ಸೀ ದ ಲೈಟ್ ಮುಗೀತಿದ್ದ ಹಾಗೆ ಅಣ್ಣ ಬಾಯಲ್ಲೇ ಮುಂದಿನ ಪಿಯಾನೋ ಶುರು ಮಾಡ್ಬಿಟ್ಟ, ಕ್ಯಾಸೆಟ್ಟಿನ ಕ್ರಮದಲ್ಲಿ. ಗ್ರೇಪ್‌ವೈನ್ ಗಿಟಾರ್ ಬಂತು. ಮುಂದಕ್ಕೆ ಹಾಕ್ಲಾ ಅಂದೆ. ಬೇಡ ಇರ್ಲಿ ಅಂದ. ಸಿರಾ ಹತ್ರ ಬರೋವರೆಗೂ ಹನ್ನೊಂದು ನಿಮಿಷ ಪೂರ್ತಿ ಕೇಳಿ, "ಇದನ್ನ ಅವತ್ತು ಬಿಟ್ಟಿದ್ದೇ ಒಳ್ಳೇದಾಯ್ತು" ಅಂದ, ಗಾಜು ಇಳಿಸಿ ಹೊರಗೆ ನೋಡ್ತಾ ಕೂತ, ಅಷ್ಟರಲ್ಲಿ ಪಿಯಾನೋ ಬಂತು.