ರೂಸ್ ಬೀದಿಯ ತಿರುವಿನಲ್ಲಿ

ಕರಿಬೇವು ಮುಗಿದಿತ್ತು. ಸಂಜೆ ಸಿಡ್ನಿಯ ಹ್ಯಾರಿಸ್ ಪಾರ್ಕ್ ಅನ್ನೋ ಬಡಾವಣೆಗೆ ಹೋದೆ.

ವಿಗ್ರಾಮ್ ಸ್ಟ್ರೀಟ್‌ನಲ್ಲಿ ಶನಿವಾರ ಕಾರು ನಿಲ್ಲಿಸೋಕೆ ಜಾಗ ಸಿಕ್ಕರೆ ಅದೇ ಪುಣ್ಯ. ಸುತ್ತಿ ಸುತ್ತಿ ರೂಸ್ ಸ್ಟ್ರೀಟಿಗೆ ಬಂದೆ. ಅಲ್ಲೊಂದು ಹಳೇ ಮನೆ. ತಗ್ಗು ಮಾಡು, ಮುಂದೆ ಉದ್ದ ಜಗಲಿ, ನಮ್ಮೂರ ಮನೆ ಥರಾನೇ. ಎಕ್ಸ್‌ಪೆರಿಮೆಂಟ್ ಫಾರ್ಮ್ ಕಾಟೇಜ್ ಅಂತ ಹೆಸರು.

ಜೇಮ್ಸ್ ರೂಸ್ ಅಂತ ಒಬ್ಬ ಕೈದಿ. ಇಂಗ್ಲೆಂಡಿಂದ ಹಡಗಲ್ಲಿ ತಂದು ಹಾಕಿದ್ದರು. 1789ರಲ್ಲಿ ಅವನಿಗೆ ಇಲ್ಲಿ ನೆಲ ಕೊಟ್ಟು, ಬೆಳೆದು ತೋರಿಸು ನೋಡೋಣ ಅಂದರು. ಬೆಳೆದ. ಆಮೇಲೆ 30 ಎಕರೆ ಅವನ ಹೆಸರಿಗಾಯಿತು. ಕೊಟ್ಟವರದ್ದೇನೂ ಆಗಿರಲಿಲ್ಲ ಆ ನೆಲ, ಇಲ್ಲಿನ ಮೂಲನಿವಾಸಿ ಬುರ್ರಮಟ್ಟಗಲ್ ಜನರದ್ದು. ಅದು ಬೇರೆ ಮಾತು, ಅಲ್ಲ, ಅದೇ ಮಾತು.

1793ರಲ್ಲಿ ರೂಸ್ ಅದನ್ನು 40 ಪೌಂಡಿಗೆ ಮಾರಿದ. ಕೊಂಡವನು ಸೈನ್ಯದ ವೈದ್ಯ ಜಾನ್ ಹ್ಯಾರಿಸ್. ಊರಿಗೆ ಅವನದೇ ಹೆಸರು. ಈ ಪುಣ್ಯಾತ್ಮ ನಮ್ಮ ಕಡೆಯ ಚುಕ್ಕೆ ಜಿಂಕೆಗಳನ್ನೂ ಆಸ್ಟ್ರೇಲಿಯಾಕ್ಕೆ ತಂದು ಸಾಕಿದ್ದನಂತೆ. ಅಂದರೆ ನಮಗಿಂತ ಮೊದಲೇ ಜಿಂಕೆಗಳು ವಲಸೆ ಬಂದಿದ್ದವು!

ಈಗ ಅದೇ ಹ್ಯಾರಿಸ್ ಹೆಸರಿನ ಊರಲ್ಲಿ ದೋಸೆ, ಚಾಟ್, ಮಿಠಾಯಿ ಅಂಗಡಿ. ಲಿಟಲ್ ಇಂಡಿಯಾ ಅಂತಾರೆ.

ಕರಿಬೇವು ಒಂದು ಸಣ್ಣ ಕಟ್ಟು, ಬೆಲೆ ಕೇಳಿದರೆ ಎದೆ ಧಸಕ್ ಅನ್ನುತ್ತೆ. ಕಾರೆಲ್ಲಾ ಘಮ್ ಅಂತಿದೆ. ಮನೆಯವಳು ಫೋನ್ ಮಾಡಿದಳು: "ಎಲ್ಲಿದ್ದೀರಿ? ಒಗ್ಗರಣೆಗೆ ಎಣ್ಣೆ ಇಟ್ಟಾಯ್ತು."