ಬಿಡದ ಪಿತ್ತದ ಗಂಧೆ, ಕುಗ್ಗುವ ಮನಸ್ಸು

ಆರು ವಾರ ದಾಟಿದರೂ ಬಿಡದೆ ಏಳುವ ಪಿತ್ತದ ಗಂಧೆಯಲ್ಲಿ ಮೊದಲು ಕೆಡುವುದು ನಿದ್ದೆ. ರಾತ್ರಿಯಿಡೀ ಕೆರೆದುಕೊಂಡವರಿಗೆ ಬೆಳಗ್ಗೆ ಸಿಡುಕು, ಕೆಲಸದಲ್ಲಿ ಮಂಪರು. ದದ್ದು ಸಾಮಾನ್ಯವಾಗಿ 24 ಗಂಟೆಯೊಳಗೆ ಗುರುತಿಲ್ಲದೆ ಮಾಯವಾಗುವುದರಿಂದ ಡಾಕ್ಟರ ಮುಂದೆ ಕೂತಾಗ ಚರ್ಮ ನುಣ್ಣಗಿರುತ್ತದೆ. ‘ಏನೂ ಇಲ್ವಲ್ಲ’ ಅನ್ನಿಸಿಕೊಳ್ಳುವುದು ತುರಿಕೆಗಿಂತ ಹೆಚ್ಚು ನೋಯಿಸುತ್ತದೆ.

ಹಾಗಾಗಿ ದದ್ದು ಎದ್ದ ಕೂಡಲೇ ಫೋಟೊ ತೆಗೆದಿಡಿ. ಏಳು ದಿನ ಅಂಕ ಬರೆಯಿರಿ: ದಿನಕ್ಕೆ ದದ್ದು ಇಲ್ಲದಿದ್ದರೆ 0, 20ಕ್ಕಿಂತ ಕಡಿಮೆಯಾದರೆ 1, 50ರವರೆಗೆ 2, ಅದಕ್ಕೂ ಮೀರಿದರೆ 3. ತುರಿಕೆಗೂ ಅದರ ಜೋರು ನೋಡಿ 0ಯಿಂದ 3. ವಾರದ ಮೊತ್ತ 42ಕ್ಕೆ 28 ಮುಟ್ಟಿದರೆ ತೀವ್ರ ಎಂದರ್ಥ. ಪಕ್ಕದಲ್ಲೇ ನಿದ್ದೆ, ಮನಸ್ಸು ಹೇಗಿತ್ತು ಅಂತ ಒಂದು ಸಾಲು ಇರಲಿ, ಕೇಳದಿದ್ದರೂ ತೋರಿಸಿ.

ಮನೆಯವರು ಬದನೆಕಾಯಿ, ಮೀನು, ಕಡಲೆಕಾಯಿ ಎಲ್ಲವೂ ನಂಜು ಎಂದು ಬಿಡಿಸುತ್ತಾರೆ. ಕಾರಣವಿಲ್ಲದೆ ತಾನಾಗಿ ಬರುವ ಈ ಬಗೆಯಲ್ಲಿ ಆಹಾರದ ಅಲರ್ಜಿ ಅಪರೂಪ. ಪಥ್ಯ ಬೆಳೆದಂತೆ ಮದುವೆಮನೆ ಊಟ ತಪ್ಪುತ್ತದೆ, ಗಂಧೆ ಹಾಗೇ ಇರುತ್ತದೆ. ‘ಟೆನ್ಷನ್ ಬಿಡು’ ಅನ್ನುವವರಿಗೂ ಹೇಳಿ: ಒತ್ತಡ ಕೆರಳಿಸಬಹುದು, ಅದೊಂದೇ ಮೂಲವಲ್ಲ.

ಸೆಟಿರಿಜಿನ್, ಬಿಲಾಸ್ಟಿನ್‌ನಂಥ ತುರಿಕೆ-ದದ್ದು ತಗ್ಗಿಸುವ ಮಾತ್ರೆಯನ್ನು ಗಂಧೆ ಎದ್ದಾಗ ಮಾತ್ರವಲ್ಲ, ದಿನವೂ ತೆಗೆದುಕೊಳ್ಳಬೇಕು. ಸಾಲದಿದ್ದರೆ ಡಾಕ್ಟರು ನಾಲ್ಕು ಪಟ್ಟಿನವರೆಗೆ ಏರಿಸಬಹುದು, ಆಮೇಲೆ ಒಮಾಲಿಜುಮ್ಯಾಬ್ ಇಂಜೆಕ್ಷನ್ ಇದೆ. ಎರಡು ವಾರ ಯಾವುದರಲ್ಲೂ ಮನಸ್ಸಿಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ನಾಲಿಗೆ ಊದಿದರೆ ಅಥವಾ ಉಸಿರು ಕಟ್ಟಿದರೆ ಕಾಯದೆ ನೇರ ಆಸ್ಪತ್ರೆಗೆ ಹೋಗಿ.